ವಾರಿಜಾ ಸುಮ್ಮನಿದ್ದ ಭಾನುವಾರ

ವಾರಿಜಾಳ ಬಾಯಿ ಎಂಥದ್ದೆಂದು ಮುಲುಂಡ್‌ನ ಆ ಬಿಲ್ಡಿಂಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸೊಸೈಟಿಯ ಚೇರ್ಮನ್ನರ ತಂದೆ ತೀರಿಕೊಂಡ ದಿನ ಎಲ್ಲರೂ ಕೈಕಟ್ಟಿ ಕೂತಿದ್ದರೆ, ಇವಳು "ಇನ್ನಾದ್ರೂ ಲಿಫ್ಟ್ ರಿಪೇರಿ ಮಾಡಿಸ್ತೀರಾ?" ಎಂದು ಕೇಳಿಬಿಟ್ಟಳು. ಕೆಟ್ಟ ಹೆಂಗಸಲ್ಲ, ದೇವರಾಣೆ. ಹೆಣವನ್ನು ಐದು ಮಹಡಿ ಹೊತ್ತಿಳಿಸಿದವರ ಏದುಸಿರು ಕಂಡು ಅವಳಿಗೆ ಪಾಪ ಅನ್ನಿಸಿತ್ತು. ಅನ್ನಿಸಿದ್ದು ಅದೇ ಕ್ಷಣ ಬಾಯಿಗೆ ಬಂತು, ಅಷ್ಟೇ. ಹದಿನಾಲ್ಕು ವರ್ಷ ದುಡಿದ ಬ್ಯಾಂಕಿನ ಕೆಲಸ ಬಿಟ್ಟದ್ದೂ ಹಾಗೆಯೇ. ಮ್ಯಾನೇಜರ್ ಏನೋ ಒಂದು ಕೊಂಕು ನುಡಿದ, ಇವಳು ನಿಂತ ಕಾಲಲ್ಲಿ ರಾಜೀನಾಮೆ ಗೀಚಿ ಅವನ ಮೇಜಿನ ಮೇಲಿಟ್ಟು ಲೋಕಲ್ ರೈಲು ಹತ್ತಿದಳು. ಭಾಂಡುಪ್ ಸ್ಟೇಷನ್ ದಾಟುವ ಮೊದಲೇ ತಪ್ಪು ಮಾಡಿದೆ ಅನ್ನಿಸಿತು. ಆದರೆ ಆಗ ಹೋಗಿ ಕಾಲು ಹಿಡಿದರೂ ಉಪಯೋಗವಿರಲಿಲ್ಲ.

ಹೋದ ವರ್ಷ ಮಗಳು ಶ್ರಾವ್ಯಾ ಅವಳನ್ನು ಮನೋವೈದ್ಯರ ಬಳಿ ಕರೆದೊಯ್ದಳು. ಮೂರು ಸಲ ಕೂರಿಸಿ ಮಾತಾಡಿದ ಡಾಕ್ಟರು ಎಡಿಎಚ್‌ಡಿ ಎಂದರು. ಅನ್ನಿಸುವುದಕ್ಕೂ ಆಡುವುದಕ್ಕೂ ನಡುವೆ ಬೇರೆಯವರಿಗೆ ಸ್ವಲ್ಪ ಜಾಗ ಇರುತ್ತದೆ, ನಿಮಗೆ ಅದು ತೀರಾ ಕಡಿಮೆ, ಇದು ನಿಮ್ಮ ಸೊಕ್ಕಲ್ಲ ಎಂದರು. ವಾರಿಜಾ ಅಲ್ಲೇ ಗಳಗಳನೆ ಅತ್ತಳು. ನಲವತ್ತೊಂಬತ್ತು ವರ್ಷ ಅದನ್ನು ಸೊಕ್ಕು ಎಂದೇ ಎಲ್ಲರೂ ಅಂದಿದ್ದರು, ಅವಳೂ ನಂಬಿದ್ದಳು. ಗಂಡ ತಿಲಕ್, ಬಾಂದ್ರಾದ ಒಂದು ಹೋಟೆಲಿನ ಮ್ಯಾನೇಜರ್, ಸುದ್ದಿ ಕೇಳಿ "ಬಾಯಿಬಡುಕತನಕ್ಕೆ ಇಂಗ್ಲಿಷ್ ಹೆಸರು ಸಿಕ್ಕಿತು, ಒಳ್ಳೇದಾಯ್ತು" ಎಂದು ಟಿವಿ ಹಾಕಿಕೊಂಡ.

ಅವನ ಸಿಟ್ಟಿಗೂ ಕಾರಣವಿತ್ತು, ಸುಳ್ಳಲ್ಲ. ಶ್ರಾವ್ಯಾಗೆ ಮೊದಲು ಬಂದ ಸಂಬಂಧ ಮುರಿದದ್ದು ವಾರಿಜಾಳಿಂದಲೇ. ಹುಡುಗನಿಗೆ ಕಾಫಿ ಕೊಡುತ್ತಾ "ಕೂದಲು ನಿಮ್ದೇಯಾ, ಇಟ್ಟದ್ದಾ?" ಎಂದಿದ್ದಳು. ವಿಗ್ ಇಟ್ಟದ್ದೇ ಆಗಿತ್ತು. ತಿಲಕ್ ಹನ್ನೆರಡು ದಿನ ಹೆಂಡತಿಯ ಹತ್ತಿರ ಮಾತಾಡಲಿಲ್ಲ.

ಈಗ ಗೋರೆಗಾಂವ್‌ನ ಸಂಬಂಧ ಕೂಡಿಬಂದಿತ್ತು. ಹುಡುಗ ಪ್ರೀತಮ್. ಭಾನುವಾರ ಇವರ ಮನೆಯಲ್ಲೇ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯ ಮಾಡುವುದೆಂದು ಗೊತ್ತುಮಾಡಿದ್ದರು. ಶನಿವಾರ ಮಧ್ಯಾಹ್ನ ತಾಯಿ ಮಗಳು ದಾದರಿನಲ್ಲಿ ಹೂವು ಕೊಂಡು ವಾಪಸಾಗುತ್ತಿದ್ದಾಗ, ರೈಲಿನ ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಶ್ರಾವ್ಯಾ ತಾಯಿಯ ಕಿವಿಗೆ ಬಾಯಿ ಇಟ್ಟಳು.

"ಮಮ್ಮಿ, ನಂಗೆ ಈ ಮದ್ವೆ ಬೇಡ. ಪ್ರೀತಮ್ ಅಚ್ಛಾ ಹೈ, ಬಟ್ ಅವ್ನ ಜೊತೆ ಕೂತ್ರೆ ನಂಗೆ ಉಸಿರು ಕಟ್ತದೆ."

"ಹಾಗಾದ್ರೆ ಬೇಡ ಅಂತ ಹೇಳುವ," ಎಂದಳು ವಾರಿಜಾ. ಸುತ್ತಲಿನ ನಾಲ್ಕು ಹೆಂಗಸರು ತಿರುಗಿ ನೋಡಿದರು.

"ಪಪ್ಪನ ಮುಖ ನೋಡಿದ್ರೆ ನಂಗೆ ಮಾತೇ ಬರುದಿಲ್ಲ. ಬಿಡು. ಮಾಡ್ಕೊಳ್ತೇನೆ. ನೀನು ಯಾರಿಗೂ ಹೇಳ್ಬೇಡ. ಪ್ರಾಮಿಸ್?"

ಮಾತೇ ಬರುವುದಿಲ್ಲ ಎಂದದ್ದು ನಿಜ. ಶ್ರಾವ್ಯಾ ಚಿಕ್ಕಂದಿನಿಂದ ಎಲ್ಲವನ್ನೂ ನುಂಗಿಕೊಳ್ಳುವ ಹುಡುಗಿ. ತಾಯಿಯ ಬಾಯಿಯಿಂದ ಮನೆಯಲ್ಲಿ ಆದ ರಂಪ ನೋಡಿ ನೋಡಿ ತಾನು ಬಾಯಿ ಬಿಡುವುದನ್ನೇ ಕಲಿಯಲಿಲ್ಲ. ಅಂಥವಳು ಇವತ್ತು ಒಂದು ಗುಟ್ಟು ಹೇಳಿದ್ದಾಳೆ, ಅದೂ ತನಗೆ. ವಾರಿಜಾಳ ಎದೆ ತುಂಬಿತು. ಅವಳಿಗೆ ಗುಟ್ಟು ಹೇಳುವ ಧೈರ್ಯ ಹುಟ್ಟಿದಾರಭ್ಯ ಯಾರೂ ಮಾಡಿರಲಿಲ್ಲ. ಮಗಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಳೆ, ಭಾರ ಇಳಿಸಲು ಒಂದು ಕಿವಿ ಬೇಕಾಗಿತ್ತು, ಅಷ್ಟೇ ಎಂದುಕೊಂಡಳು. ಸತ್ತರೂ ಬಾಯಿ ಬಿಡುವುದಿಲ್ಲ ಎಂದು ನಿರ್ಧರಿಸಿದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹನ್ನೊಂದು ಜನ ಬಂದರು. ಒಂದು ಬೆಡ್‌ರೂಮಿನ ಆ ಮನೆಯ ಹಾಲ್‌ನಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ವಾರಿಜಾ ಗೋಡೆಯ ಕಪಾಟಿಗೂ ಹುಡುಗನ ತಾಯಿ ಹರಿಣಿಗೂ ನಡುವೆ ಒತ್ತಿಕೊಂಡು ಕೂತಳು. ಫ್ಯಾನಿನ ಗಾಳಿ ಅಲ್ಲಿಗೆ ತಲುಪುತ್ತಿರಲಿಲ್ಲ. ತಿಲಕ್ ಎದುರಿನಿಂದ ಒಮ್ಮೆ ಕಣ್ಣು ಬಿಟ್ಟು ನೋಡಿದ. ಅದರರ್ಥ ಅವಳಿಗೆ ಬಾಯಿಪಾಠವಾಗಿತ್ತು.

ಅವರ ಸಮುದಾಯದಲ್ಲಿ ವೀಳ್ಯದ ತಟ್ಟೆ ಕೈ ಬದಲಾಗುವ ಮೊದಲು ಹಿರಿಯರೊಬ್ಬರು ಮೂರು ಸಲ ಕೇಳುವುದುಂಟು. ತಟ್ಟೆ ಬದಲಾಯಿತೋ, ಮಾತು ಮುಗಿಯಿತು. ಹುಡುಗನ ಕಡೆಯ ಎಂಬತ್ತು ದಾಟಿದ ದೂಜ ಎಂಬ ಅಜ್ಜ ಗಂಟಲು ಸರಿಮಾಡಿಕೊಂಡರು.

"ಎರಡೂ ಕಡೆಯವ್ರಿಗೆ ಕೇಳ್ತಿದ್ದೇನೆ. ಯಾರದ್ದಾದ್ರೂ ತಕರಾರು ಉಂಟಾ?"

ಮಾತು ವಾರಿಜಾಳ ಹಲ್ಲಿನ ಹಿಂದೆ ಬಂದು ನಿಂತಿತು. ಅವಳು ನಾಲಿಗೆ ಕಚ್ಚಿದಳು. ಶ್ರಾವ್ಯಾ ತಲೆ ಎತ್ತಿ ತಾಯಿಯನ್ನು ನೋಡಿದಳು. ಹೇಳಬೇಡ ಎನ್ನುತ್ತಿದ್ದಾಳೆ ಪಾಪ, ಎಂದುಕೊಂಡಳು ವಾರಿಜಾ.

"ತಕರಾರು ಉಂಟಾ?"

ಕಿವಿ ಗುಂಯ್ ಎಂದಿತು. ಬೆನ್ನಲ್ಲಿ ಬೆವರು ಹರಿಯಿತು. ಎದ್ದು ಹೋಗೋಣವೆಂದರೆ ದಾರಿಯಿಲ್ಲ, ಐದು ಜೊತೆ ಮೊಣಕಾಲು ದಾಟಬೇಕು. ಶ್ರಾವ್ಯಾ ಇನ್ನೂ ನೋಡುತ್ತಲೇ ಇದ್ದಳು, ಕಣ್ಣು ಮಿಟುಕಿಸದೆ. ವಾರಿಜಾ ಅವಳಿಗೆ ಸಣ್ಣಗೆ ತಲೆಯಾಡಿಸಿದಳು, ಹೆದರಬೇಡ ಮಗಳೇ ಎಂಬಂತೆ.

ಮೂರನೆಯ ಸಲ ಅಜ್ಜ ಕೇಳಿದಾಗ ಅವಳು ಸೆರಗಿನ ತುದಿಯನ್ನು ಬಾಯಿಗೇ ತುರುಕಿಕೊಂಡಳು. ಹರಿಣಿ ಅದನ್ನು ಆನಂದದ ಅಳು ಎಂದು ತಿಳಿದು ಅವಳ ಬೆನ್ನು ಸವರಿದಳು. ತಟ್ಟೆ ಕೈ ಬದಲಾಯಿತು.

ಊಟಕ್ಕೆ ಎಲೆ ಹಾಕಿದರು. ಪಾಯಸ ತರಲು ಅಡುಗೆಮನೆಗೆ ಬಂದ ವಾರಿಜಾಳ ಮುಖ ಅರಳಿತ್ತು. ಹಾಲ್‌ನಲ್ಲಿ ತಿಲಕ್ ಎಷ್ಟೋ ಕಾಲದ ನಂತರ ಅವಳನ್ನು ನೋಡಿ ನಕ್ಕಿದ್ದ. ಸಿಂಕಿನ ಮುಂದೆ ನಿಂತಿದ್ದ ಶ್ರಾವ್ಯಾಳ ಭುಜ ಹಿಡಿದು "ನೋಡಿದ್ಯಾ? ಒಂದಕ್ಷರ ಹೇಳ್ಲಿಲ್ಲ ನಾನು" ಎಂದಳು.

ಶ್ರಾವ್ಯಾ ನಲ್ಲಿ ನಿಲ್ಲಿಸಿದಳು. "ನಿಂಗೇ ಯಾಕೆ ಹೇಳಿದ್ದು ನಾನು, ಗೊತ್ತುಂಟಾ?"

"ನಂಬಿಕೆ ಇತ್ತಲ್ಲ ಮಗಾ, ಹಾಗೆ."

"ನೀನು ಹೇಳಿಬಿಡ್ತಿ ಅಂತ." ಅವಳ ದನಿ ಏರಲಿಲ್ಲ. "ನಿನ್ನ ಹೊಟ್ಟೆಯಲ್ಲಿ ಒಂದು ದಿನವೂ ಏನೂ ನಿಲ್ಲುದಿಲ್ಲ. ನಂಗೆ ಹೇಳ್ಲಿಕ್ಕೆ ಆಗುದಿಲ್ಲ, ನೀನು ಹೇಳ್ತಿ ಅಂತ ನಿಂಗೆ ಹೇಳಿದೆ. ಮೂರು ಸಲ ನಿನ್ನನ್ನೇ ನೋಡಿದೆ, ಮಮ್ಮಿ."

ವಾರಿಜಾ ಪಾಯಸದ ಪಾತ್ರೆಯನ್ನು ಅಲ್ಲೇ ಬಿಟ್ಟಳು. ಅಯ್ಯೋ, ಹಾಳಾದ ಬಾಯಿಯೇ, ಬೇಡದ ದಿನಗಳಲ್ಲೆಲ್ಲ ಓಡಿ ಇವತ್ತೇ ನಿಂತೆಯಲ್ಲ. ತನ್ನ ಮೇಲೆ ಅವಳಿಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಆದರೆ ಅತ್ತು ಕೂರುವ ಹೊತ್ತಲ್ಲ ಅದು. ಜೀವನದಲ್ಲಿ ಮೊದಲ ಬಾರಿ, ಏನು ಹೇಳಬೇಕು, ಯಾರಿಗೆ, ಯಾವ ಮಾತು ಮೊದಲು ಎಂದು ಯೋಚಿಸಿ ಅವಳು ಹಾಲ್‌ಗೆ ಹೋದಳು. ಎಲ್ಲರೂ ತಿನ್ನುತ್ತಿದ್ದರು.

"ಕ್ಷಮಿಸಬೇಕು," ಎಂದಳು. "ನನ್ನ ಮಗಳಿಗೆ ಈ ಮದುವೆ ಇಷ್ಟ ಇಲ್ಲ. ಅವಳೇ ನಂಗೆ ಹೇಳಿದ್ದು. ಹುಡುಗನದ್ದು ಏನೂ ತಪ್ಪಿಲ್ಲ. ತಟ್ಟೆ ವಾಪಸ್ ಮಾಡುವ."

ಕೈಗಳು ಎಲೆಯ ಮೇಲೆ ನಿಂತವು. ಪ್ರೀತಮ್‌ನ ಮುಖ ಕೆಂಪಾಯಿತು. ದೂಜ ಅಜ್ಜ ಅಡುಗೆಮನೆಯ ಬಾಗಿಲಲ್ಲಿದ್ದ ಶ್ರಾವ್ಯಾಳತ್ತ ತಿರುಗಿದರು. "ಹೌದಾ ಮಗಾ?"

ಅಷ್ಟರಲ್ಲಿ ತಿಲಕ್ ನಕ್ಕುಬಿಟ್ಟ. ಹೋಟೆಲಿನಲ್ಲಿ ಗಿರಾಕಿಗಳನ್ನು ಸಮಾಧಾನ ಮಾಡುವ ನಗೆ ಅದು. "ಅಜ್ಜ, ಮನಸ್ಸಿಗೆ ಹಚ್ಕೊಳ್ಬೇಡಿ. ಇವಳಿಗೆ ಒಂದು ಕಾಯಿಲೆ ಉಂಟು, ಡಾಕ್ಟರ್ ಹತ್ರ ಮದ್ದು ನಡೀತಾ ಉಂಟು. ತಲೆಗೆ ಬಂದದ್ದು ಬಾಯಿಗೆ ಬರ್ತದೆ. ಹಿಂದುಮುಂದು ಯೋಚನೆ ಇಲ್ಲ. ಕೇಳಿ ಬೇಕಾದ್ರೆ, ಇಡೀ ಬಿಲ್ಡಿಂಗಿಗೆ ಗೊತ್ತು." ಅವನು ಲಿಫ್ಟಿನ ಕತೆ ಹೇಳಿದ. ಯಾರೋ ಕಿಸಕ್ಕೆಂದರು. ಹರಿಣಿ ನಿಟ್ಟುಸಿರು ಬಿಟ್ಟು, "ಪಾಪ, ಮಗಳು ಹೋಗ್ತಾಳಲ್ಲ, ತಾಯಿಗೆ ಹಾಗೇ ಆಗ್ತದೆ," ಎಂದಳು.

ಶ್ರಾವ್ಯಾ ಬಾಯಿ ತೆರೆದಳು, ಅಪ್ಪನ ಮುಖ ನೋಡಿ ಮತ್ತೆ ಮುಚ್ಚಿದಳು. ಅಜ್ಜ ಅದನ್ನು ನಾಚಿಕೆ ಎಂದುಕೊಂಡು ಅನ್ನಕ್ಕೆ ಸಾರು ಕಲಸಿದರು.

ವಾರಿಜಾ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ಈ ಸಲ ಒಂದೊಂದೇ ಪದವನ್ನು ಬಿಡಿಸಿ, ನಿಧಾನವಾಗಿ. ಯಾರೂ ಊಟ ನಿಲ್ಲಿಸಲಿಲ್ಲ.