ಅಝೀಮ್ ಮತ್ತು ಒಂದು ಹೆಚ್ಚಿನ ಕಾರು

೧

ಎಲ್ಲಿಂದ ಶುರು ಮಾಡುವುದು? ಕಾರಿನಿಂದ ಎಂದರೆ, ಕಾರುಗಳ ಬಗ್ಗೆ ನನಗೆ ಗೊತ್ತಿರುವುದು ಅವುಗಳ ಬಣ್ಣ ಮಾತ್ರ. ಅರುವತ್ತಮೂರು ವರ್ಷ ಬಸ್ಸಿನಲ್ಲೇ ಓಡಾಡಿದವಳು ನಾನು. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಅದೇ ನನ್ನ ಲಕ್ಸುರಿ. ಅಂಥವಳು, ಯುರೋಪಿನ ಒಂದು ಪುಟ್ಟ, ಓಟದ ಕಾರನ್ನು ಆರಿಸಲು ಹೊರಟ ಮನುಷ್ಯನ ಕಥೆ ಬರೆಯುತ್ತಿದ್ದೇನೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಪುಟ ಮಗುಚಬೇಡಿ.

ಮೊದಲ ಕರಡು ಹೀಗಿತ್ತು: "ಮರುಭೂಮಿಯ ಬಿಸಿಲಿನಲ್ಲಿ ಇಪ್ಪತ್ತೊಂದು ವರ್ಷ ಬೆಂದ ಅಝೀಮ್ ಊರಿಗೆ ಮರಳಿದಾಗ ಅವನ ಕಣ್ಣಲ್ಲಿ ಒಂದೇ ಕನಸಿತ್ತು."

ಅದನ್ನು ವಾಟ್ಸಾಪಿನಲ್ಲಿ ಶಬ್ನಾಳಿಗೆ ಕಳುಹಿಸಿದೆ. ಶಬ್ನಾ ಎಂದರೆ ಅಝೀಮನ ಹೆಂಡತಿ; ಬೆಳ್ತಂಗಡಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ನನ್ನ ವಿದ್ಯಾರ್ಥಿನಿ. ಹತ್ತೇ ನಿಮಿಷದಲ್ಲಿ ಫೋನು. ಮಾತಾಡಿದ್ದು ಅಝೀಮ್.

"ಟೀಚರೇ, ಮರುಭೂಮಿ ಎಲ್ಲಿ ಉಂಟು? ನಾನಿದ್ದದ್ದು ಸಿಟಿಯಲ್ಲಿ. ಕಾರಿನಲ್ಲಿ ಫುಲ್ ಎಸಿ. ನನಗೆ ಅಲ್ಲಿ ಆದದ್ದು ಶೀತ."

"ಕನಸು?"

"ಕನಸು ಗಿನಸು ಇಲ್ಲ. ಸುಮ್ಮನೆ ಒಂದು ಕಾರು ಬೇಕು ಅಂತ ಕಂಡಿತು. ಮತ್ತೆ, ನನ್ನನ್ನು 'ಅವನು' ಅಂತ ಬರೆದಿದ್ದೀರಿ. ನನಗೆ ನಲ್ವತ್ತೊಂಬತ್ತು."

(ಹೀಗೆ ಕಥೆಯ ನಾಯಕನೇ ಕರಡು ತಿದ್ದುವ ಕಾಲ ಬಂದಿದೆ. 'ಅವನು' ಮಾತ್ರ ಹಾಗೇ ಉಳಿಯುತ್ತದೆ. 'ಅವರು' ಎಂದು ಬರೆದರೆ ನನಗೆ ಅವನ ಹತ್ತಿರ ಹೋಗಲು ಆಗುವುದಿಲ್ಲ.)

೨

ಇಷ್ಟು ನಿಜ. ಬೆಳ್ತಂಗಡಿ ಪಕ್ಕದ ಲಾಯಿಲದ ಅಝೀಮ್ ಗಲ್ಫಿನಲ್ಲಿ ಒಂದು ಶ್ರೀಮಂತ ಮನೆಯ ಡ್ರೈವರ್ ಆಗಿದ್ದ. ಯಜಮಾನರನ್ನು ಆಫೀಸಿಗೆ, ಅವರ ತಾಯಿಯನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುವುದು. ಆ ಮನೆಯ ಮಗನಿಗೆ ಒಂದು ಸಣ್ಣ ಸ್ಪೋರ್ಟ್ಸ್ ಕಾರಿತ್ತು. ವಾರಕ್ಕೊಮ್ಮೆ ಅದನ್ನು ತೊಳೆಸಿ ತರುವ ಕೆಲಸವೂ ಅಝೀಮನದೇ. ಹೋಗುವುದು ಎರಡು ಕಿಲೋಮೀಟರ್, ಬರುವುದು ಎರಡು ಕಿಲೋಮೀಟರ್. ನಲ್ವತ್ತರ ಮೇಲೆ ಸ್ಪೀಡಿನ ಮುಳ್ಳು ಏರಬಾರದೆಂದು ಅಪ್ಪಣೆ.

ಕಳೆದ ವರ್ಷ ಎಲ್ಲ ಮುಗಿಸಿ ಊರಿಗೆ ಬಂದ. ಮನೆಯಲ್ಲಿ ಏಳು ಸೀಟಿನ ಗಾಡಿ ಇದೆ. ಶಬ್ನಾಳದ್ದೊಂದು ಓಮ್ನಿ ಇದೆ. ಅವಳು ಅಕ್ಕಿಯ ಪತ್ತಿರ್ ರೊಟ್ಟಿ, ಪುಂಡಿ ಕಡುಬು ಮಾಡಿಸಿ ಬೆಳ್ತಂಗಡಿ, ಗುರುವಾಯನಕೆರೆಯ ಹೋಟೆಲುಗಳಿಗೆ, ಮದುವೆ ಮನೆಗಳಿಗೆ ಮುಟ್ಟಿಸುತ್ತಾಳೆ. ಹಾಗಾಗಿ ಮೂರನೆಯ ಗಾಡಿ ಯಾರಿಗೂ ಬೇಕಿರಲಿಲ್ಲ. ಅಝೀಮನಿಗೆ ಬೇಕಾದದ್ದು ಅದೇ, ಯಾರಿಗೂ ಬೇಡದ ಗಾಡಿ.

ಅವನ ಉಮ್ಮ ಖತೀಜಮ್ಮನವರಿಗೆ ಎಪ್ಪತ್ತಾರು. ಮಗ ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದಕ್ಕೆ ಬಾಗಿಲು ಎರಡೇ ಉಂಟಲ್ಲ. ನಾನು ಹತ್ತುದು ಎಲ್ಲಿಂದ?"

"ಉಮ್ಮ, ಇದು ಮನೆಯವರಿಗೆಲ್ಲ ಅಲ್ಲ."

"ಮತ್ತೆ ಯಾರಿಗೆ?"

ಅಝೀಮ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ. (ಅವರು ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ. ನಾನು ಅದನ್ನು ಕನ್ನಡಕ್ಕೆ ತರುವಾಗ ಖತೀಜಮ್ಮ ಸ್ವಲ್ಪ ಮೆತ್ತಗಾಗಿದ್ದಾರೆ. ನಿಜದ ಖತೀಜಮ್ಮ ಇದಕ್ಕಿಂತ ಖಾರ.)

೨, ಮತ್ತೊಮ್ಮೆ

ಕಂಪನಿಗಳ ಹೆಸರು ನಾನು ಬರೆಯುವುದಿಲ್ಲ. ಜರ್ಮನಿಯದ್ದು ಒಂದು, ಇಂಗ್ಲೆಂಡಿನದ್ದು ಒಂದು ಎಂದಿಟ್ಟುಕೊಳ್ಳಿ. ಎರಡೂ ಸೆಕೆಂಡ್ ಹ್ಯಾಂಡ್.

ಜರ್ಮನಿಯದ್ದು ಬಂಟ್ವಾಳದಲ್ಲಿ, ಅಸ್ಕರ್ ಎಂಬವನ ಹಳೆ ಕಾರುಗಳ ಯಾರ್ಡಿನಲ್ಲಿತ್ತು. ಕೆಂಪು ಬಣ್ಣ, ನಾಲ್ಕು ಬಾಗಿಲು. ಒಳ್ಳೆಯ ಆಯ್ಕೆ ಎಂದು ಎಲ್ಲರೂ ಹೇಳಿದ್ದು ಅದನ್ನೇ. ಸಣ್ಣದೂ ಹೌದು, ಓಡುವುದೂ ಹೌದು, ಉಮ್ಮ ಹತ್ತಲಿಕ್ಕೂ ಆಗುತ್ತದೆ. ಅಝೀಮ್ ಓಡಿಸಿ ನೋಡಿದ. ಪಕ್ಕದಲ್ಲಿ ಅಸ್ಕರ್, ಹಿಂದೆ ಶಬ್ನಾ. ಹೈವೇ ಖಾಲಿ ಇತ್ತು.

"ಅಝೀಮಾಕ, ಸ್ವಲ್ಪ ಒತ್ತಿ. ಇದು ಓಡ್ಲಿಕ್ಕೆಂದೇ ಹುಟ್ಟಿದ ಗಾಡಿ," ಎಂದ ಅಸ್ಕರ್.

ಅಝೀಮ್ ಒತ್ತಲಿಲ್ಲ. ನಲ್ವತ್ತರಲ್ಲಿ ಹೋದ, ನಲ್ವತ್ತರಲ್ಲಿ ಬಂದ. ಯಾರ್ಡಿಗೆ ಮರಳಿ ಎಂಜಿನ್ ನಿಲ್ಲಿಸಿ ಇಳಿದವನು ಸರಸರನೆ ಸುತ್ತು ಹಾಕಿ ಬಂದು, ಹಿಂದಿನ ಬಾಗಿಲು ತೆರೆದು, ತಲೆ ತುಸು ಬಗ್ಗಿಸಿ ನಿಂತ.

ಅಷ್ಟರಲ್ಲಿ ಶಬ್ನಾ ಆಚೆ ಬದಿಯಿಂದ ಇಳಿದಾಗಿತ್ತು. ಅವನು ಬಾಗಿಲು ತೆರೆದು ನಿಂತದ್ದು ಖಾಲಿ ಸೀಟಿಗೆ.

ಅಸ್ಕರ್ ನಕ್ಕ. ಅಝೀಮನೂ ನಕ್ಕ. ಶಬ್ನಾ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವನು ಒಂದೇ ಮಾತು ಹೇಳಿದ: "ಅದು ಬೇಡ."

ನಾನಿದನ್ನು ಕೇಳಿ ಖುಷಿಯಿಂದ ಬರೆದುಬಿಟ್ಟಿದ್ದೆ: "ಅವನಿಗೆ ಬೇಕಾದದ್ದು ಹಿಂದಿನ ಬಾಗಿಲೇ ಇಲ್ಲದ ಕಾರು." ಎಂಥ ವಾಕ್ಯ! ಮೂರು ಸಲ ಓದಿಕೊಂಡೆ. ಅಝೀಮ್ ಅದಕ್ಕೂ ಒಪ್ಪಲಿಲ್ಲ.

"ಹಾಗೆಲ್ಲ ಇಲ್ಲ ಟೀಚರೇ. ಕೆಂಪು ಬಣ್ಣ ಕಣ್ಣಿಗೆ ಹೊಡಿತದೆ, ಅಷ್ಟೇ."

ಯಾರನ್ನು ನಂಬುವುದು? ನನ್ನ ವಾಕ್ಯವನ್ನೋ, ಅವನನ್ನೋ? ನಿಮಗೆ ಬಿಟ್ಟದ್ದು.

೩

ಇಲ್ಲಿ ನಾನು ಕಥೆಯೊಳಗೆ ಬರಬೇಕು. ಕ್ಷಮಿಸಿ, ಬೇರೆ ದಾರಿಯಿಲ್ಲ. ಇಂಗ್ಲೆಂಡಿನ ಕಾರು ಇದ್ದದ್ದು ಮೂಡುಬಿದಿರೆಯಲ್ಲಿ, ನನ್ನ ನೆರೆಮನೆಯ ಹೇಮರಾಜರ ಹತ್ತಿರ. ಹಸಿರು ಮೈ, ಬಿಳಿ ತಲೆ, ಬಾಗಿಲು ಎರಡು. ಎಂಟು ವರ್ಷದ ಹಿಂದೆ ಆಸೆಪಟ್ಟು ತಂದದ್ದು. ಈಗ ಅವರ ಮೊಣಕಾಲು ಕೇಳುವುದಿಲ್ಲ.

"ಇವರು ಕೂತುಕೊಳ್ಳುದೇನೋ ಕೂತುಕೊಳ್ತಾರೆ," ಎಂದರು ಅವರ ಹೆಂಡತಿ ಅನಂತಮತಿ. "ಎಬ್ಬಿಸ್ಲಿಕ್ಕೆ ಇಬ್ಬರು ಬೇಕು. ಅಷ್ಟು ತಗ್ಗು ಆ ಸೀಟು."

ಶಬ್ನಾಳಿಗೆ ಕಾರಿನ ವಿಷಯ ಹೇಳಿದವಳು ನಾನೇ. ಒಂದು ಭಾನುವಾರ ಸಂಜೆ ಗಂಡ ಹೆಂಡತಿ ಬಂದರು. ಹೇಮರಾಜರು ಕೀ ಕೊಟ್ಟು, "ಬೆಳುವಾಯಿಯವರೆಗೆ ಹೋಗಿ ಬನ್ನಿ. ಸೂರ್ಯ ಮುಳುಗುವ ಮೊದಲು ಬಂದರೆ ಒಟ್ಟಿಗೆ ಊಟ ಮಾಡುವ. ಆಮೇಲೆ ನಮ್ಮ ಜೈನರದ್ದು ಊಟ ಇಲ್ಲ," ಎಂದರು.

ಶಬ್ನಾ ನನ್ನನ್ನೂ ಕರೆದಳು. ಮುಂದಿನ ಸೀಟು ಮಡಚಿ ನನ್ನನ್ನು ಹಿಂದಕ್ಕೆ ತೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎಂದುಕೊಂಡೆ. ಆದರೆ ನಾನು ಕೂತದ್ದೇ ತಪ್ಪಾಯಿತು.

ಅಝೀಮ್ ನಲ್ವತ್ತು ದಾಟಲಿಲ್ಲ. ಅರೆ ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ.

"ಎಸಿ ಸಾಕಾ ಟೀಚರೇ?"

"ಸಾಕು ಮಾರಾಯ, ನೀನು ಓಡಿಸು."

"ಹೊಂಡ ಉಂಟು, ಮೆಲ್ಲ ಹೋಗ್ತೇನೆ."

ಹೊಂಡ ಇರಲಿಲ್ಲ. ಬಸ್ಸು, ಜೀಪು, ಮೀನಿನ ಟೆಂಪೋ ಎಲ್ಲವೂ ನಮ್ಮನ್ನು ದಾಟಿ ಹೋದವು. ಬೆಳುವಾಯಿ ಹತ್ತಿರ ಬರುತ್ತಿದ್ದಂತೆ ಅವನು ಬದಿಗೆ ತಂದು ನಿಲ್ಲಿಸಿದ. ಸ್ಟಿಯರಿಂಗಿನ ಮೇಲೆ ಎರಡೂ ಕೈಗಳಿದ್ದವು.

"ಆಗ್ತಾ ಇಲ್ಲ," ಎಂದ. "ಕಾಲು ಒತ್ತುದಿಲ್ಲ. ಇದು ನನ್ನದಾಗುದಿಲ್ಲ. ನೀನೇ ತಿರುಗಿಸಿ ಕೊಂಡುಹೋಗು."

ಅವನು ಇಳಿದು ಈಚೆ ಬಂದು ಕೂತ. ಶಬ್ನಾ ಆಚೆ ಹೋಗಿ, ಸೀಟು ಮುಂದಕ್ಕೆಳೆದು, ಚಪ್ಪಲಿ ಕಳಚಿ ಬದಿಗಿಟ್ಟಳು. ಕನ್ನಡಿಯನ್ನು ತನಗೆ ಬೇಕಾದಂತೆ ತಿರುಗಿಸಿದಳು. ಆ ಕನ್ನಡಿಯಲ್ಲಿ ನಾನು ಕಾಣಿಸುತ್ತಿರಲಿಲ್ಲ, ರಸ್ತೆ ಮಾತ್ರ.

ಅವಳು ತಿರುಗಿಸಲಿಲ್ಲ. ನೇರ ಕಾರ್ಕಳದ ಕಡೆಗೇ ಹೋದಳು.

೪

ಇದನ್ನು ನಾನು ನಾಲ್ಕು ಬಾರಿ ಬರೆದೆ. ಅಲಂಕಾರ ಹಾಕಿದೆ, ತೆಗೆದೆ. ಹಾಗೇ ಹೇಳುತ್ತೇನೆ.

ಅವಳು ಗೇರು ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ಮೀನಿನ ಟೆಂಪೋ ಹಿಂದೆ ಬಿತ್ತು. ಜೀಪು ಹಿಂದೆ ಬಿತ್ತು. ತಿರುವಿಗೆ ಮೊದಲು ವೇಗ ಇಳಿಸಿ, ತಿರುವಿನ ಮಧ್ಯದಲ್ಲಿ ಏರಿಸುತ್ತಿದ್ದಳು. ಅಝೀಮ್ ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದಿದ್ದ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ಅವಳು ಓಡಿಸುವ ಗಾಡಿಯಲ್ಲಿ ಅವನು ಕೂತದ್ದು ಅದೇ ಮೊದಲು. ಒಟ್ಟಿಗೆ ಹೊರಟರೆ ಅವನೇ ಓಡಿಸುವುದೆಂದು ಇಬ್ಬರೂ ಹೇಳದೆಯೇ ಒಪ್ಪಿಕೊಂಡಿದ್ದರು.

"ಯಾರು ಕಲಿಸಿದ್ದು ಹೀಗೆ ಓಡಿಸ್ಲಿಕ್ಕೆ?" ಎಂದು ಕೇಳಿದ.

"ಮುಂಡಪ್ಪಣ್ಣ, ಡ್ರೈವಿಂಗ್ ಸ್ಕೂಲಿನವರು. ಹೀಗೆ ಓಡಿಸ್ಲಿಕ್ಕೆ ಅವರು ಕಲಿಸ್ಲಿಲ್ಲ. ಬಾಪ ಕಲಿಸಿದ್ದು."

ಬಾಪ ಎಂದರೆ ಅಝೀಮನ ತಂದೆ ಹಸನಬ್ಬ. ಅವರಿಗೆ ಸೈಕಲ್ಲೂ ಬರುತ್ತಿರಲಿಲ್ಲ.

"ಬಾಪನಾ?"

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. ಹನ್ನೆರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ಹಸನಬ್ಬರಿಗೆ ಎದೆನೋವು ಬಂತು. ಆಂಬುಲೆನ್ಸ್ ಬೇರೆ ಯಾರನ್ನೋ ಕರೆದುಕೊಂಡು ಹೋಗಿತ್ತು. ಅವಳಿಗೆ ಲೈಸೆನ್ಸ್ ಸಿಕ್ಕಿ ಹದಿನೈದು ದಿನವಾಗಿತ್ತು. ಓಮ್ನಿಯ ಹಿಂದಿದ್ದ ಪತ್ತಿರ್ ಡಬ್ಬಗಳನ್ನು ಇಳಿಸಿ, ಚಾಪೆ ಹಾಸಿ, ಮಾವನನ್ನು ಮಲಗಿಸಿ, ಅತ್ತೆಯನ್ನು ಪಕ್ಕ ಕೂರಿಸಿ ಮಂಗಳೂರಿಗೆ ಹೊರಟಳು. ಬಂಟ್ವಾಳ ದಾಟುವವರೆಗೂ ಮುದುಕರು ಹಿಂದಿನಿಂದ, "ಹೆದರಬೇಡ ಮೋಳೆ, ಒತ್ತು ಮಗಳೇ" ಎನ್ನುತ್ತಲೇ ಇದ್ದರು. ಆಮೇಲೆ ಮಾತು ನಿಂತಿತು. ಅವಳು ಇನ್ನೂ ಒತ್ತಿದಳು. ಇನ್ನು ಕಾಲು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಹಸನಬ್ಬ ಆಮೇಲೆ ನಾಲ್ಕು ವರ್ಷ ಬದುಕಿದರು.

"ನನಗೆ ಆಂಬುಲೆನ್ಸ್ ಅಂತ ಹೇಳಿದ್ದು," ಎಂದ ಅಝೀಮ್.

"ಉಮ್ಮ ಹಾಗೆ ಹೇಳು ಅಂದ್ರು. ಅಲ್ಲಿ ಕೂತು ಅವನು ಹೆದರ್ತಾನೆ ಅಂತ. ಆಮೇಲೆ ಹೇಳುವ ಅಂತ ಇದ್ದೆ. ನೀವು ಫೋನಿನಲ್ಲಿ ಪ್ರತಿ ಸಲ ಆ ಡ್ರೈವರನ್ನು ಹೊಗಳಿದಿರಿ. ಹೇಳ್ಲಿಕ್ಕೆ ಆಗ್ಲಿಲ್ಲ."

"ಆ ಡ್ರೈವರಿಗೆ ಕೊಡ್ಲಿಕ್ಕೆ ಒಂದು ವಾಚು ಕಳಿಸಿದ್ದೆ."

ಶಬ್ನಾ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ಎಡಗೈಯ ಮಣಿಕಟ್ಟನ್ನು ಮಾತ್ರ ಅವನ ಕಡೆಗೆ ತಿರುಗಿಸಿದಳು. ಅಲ್ಲಿ ಗಂಡಸರ ವಾಚೊಂದು ಸಡಿಲವಾಗಿ ನೇತಾಡುತ್ತಿತ್ತು.

"ಡ್ರೈವರಿಗೇ ಸಿಕ್ಕಿದೆ," ಎಂದಳು.

ಒಂದು ವರ್ಷದಿಂದ ದಿನಾ ಆ ವಾಚು ಕಟ್ಟಿದವಳಿಂದಲೇ ಅವನು ಚಾ ತೆಗೆದುಕೊಂಡಿದ್ದಾನೆ.

(ಈ ಮಾತುಗಳೆಲ್ಲ ನಡೆದದ್ದು ಬ್ಯಾರಿಯಲ್ಲಿ. ನನಗೆ ಅಂದು ಅರ್ಧ ಅರ್ಥವಾಯಿತು. ಉಳಿದರ್ಧ ಶಬ್ನಾ ಮರುದಿನ ಫೋನಿನಲ್ಲಿ ಹೇಳಿದ್ದು. ಅಝೀಮನ ಮುಖ ನನಗೆ ಕಾಣುತ್ತಿರಲಿಲ್ಲ. ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಅದನ್ನು ನೋಡಿ ಅವನಿಗೆ ಹೆಮ್ಮೆಯಾಯಿತೋ, ಅವಮಾನವಾಯಿತೋ ಹೇಗೆ ಹೇಳಲಿ?)

ನಾವು ಮರಳುವಾಗ ಸೂರ್ಯ ಮುಳುಗಿಯಾಗಿತ್ತು. ಹೇಮರಾಜರು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. "ಹೇಗುಂಟು ಗಾಡಿ?" ಎಂದು ಕೇಳಿದರು.

"ಗೊತ್ತಾಗ್ಲಿಲ್ಲ," ಎಂದ ಅಝೀಮ್.

"ಹಾಗಾದರೆ ಒಂದು ವಾರ ಇಟ್ಟುಕೊಳ್ಳಿ. ಗೊತ್ತಾದ ಮೇಲೆ ಹೇಳಿ."

೬

ಐದನೆಯ ಭಾಗದಲ್ಲಿ ಆಮೇಲಿನ ಮೂರು ದಿನ ಅವರ ಮನೆಯಲ್ಲಿ ಏನಾಯಿತೆಂದು ಬರೆದಿದ್ದೆ. ಶಬ್ನಾ ಓದಿ, "ಟೀಚರೇ, ನೀವು ಅಲ್ಲಿ ಇರ್ಲಿಲ್ಲ" ಎಂದಳು. ತೆಗೆದುಹಾಕಿದೆ. ಅವಳು ಒಪ್ಪಿದ್ದು ಇಷ್ಟು: ಅಝೀಮ್ ಮೂರು ದಿನ ಕಾರನ್ನು ದಿನಕ್ಕೆರಡು ಸಲ ತೊಳೆದ. ನಾಲ್ಕನೆಯ ದಿನ ಉಮ್ಮನ ಹತ್ತಿರ ಹೋಗಿ, "ನನ್ನಿಂದ ಇನ್ನು ಎಂಥೆಲ್ಲ ಅಡಗಿಸಿದ್ದೀರಿ?" ಎಂದು ಕೇಳಿದ. ಖತೀಜಮ್ಮ, "ನೀನು ಅಲ್ಲಿಂದ ಎಲ್ಲ ಹೇಳ್ತಿದ್ದೆಯಾ?" ಎಂದರು. ಅವನು ಅಲ್ಲೇ ಅವರ ಮಂಚದ ಕಾಲಬುಡದಲ್ಲಿ ಕೂತ. ಮಧ್ಯಾಹ್ನದವರೆಗೂ ಎದ್ದಿರಲಿಲ್ಲ.

ಆ ಸಂಜೆ ಹೆಂಡತಿಗೆ ಹೇಳಿದ: "ಕಾರು ನಿನಗೇ ತೆಗೆಯುವ."

"ನನಗೆ ಯಾಕೆ? ಡಬ್ಬ ಎಲ್ಲಿ ಇಡುದು? ನಿಮಗೆ ಬೇಕಾದದ್ದಲ್ಲವಾ?"

"ನನಗೆ ಓಡಿಸ್ಲಿಕ್ಕೆ ಆಗುದಿಲ್ಲ."

"ಆಗುವವರೆಗೆ ಓಡಿಸಿ. ನಾನು ಹೆದರ್ಲಿಲ್ಲವಾ?"

"ಹೆದರಿದ್ದೆಯಾ?"

"ಇಡೀ ದಾರಿ," ಎಂದಳಂತೆ ಶಬ್ನಾ.

೭

ಈಗ ಮುಗಿಸಬೇಕು. ಮೂರು ಕೊನೆಗಳನ್ನು ಬರೆದು ಕಳುಹಿಸಿದೆ.

ಒಂದು: ಅಝೀಮ್ ಹಸಿರು ಕಾರು ಕೊಂಡು ಬೆಳುವಾಯಿಯ ನೇರ ರಸ್ತೆಯಲ್ಲಿ ನೂರು ಮುಟ್ಟುತ್ತಾನೆ. ಶಬ್ನಾ: "ಅಲ್ಲಿ ಈಗ ಹಂಪ್ ಹಾಕಿದ್ದಾರೆ ಟೀಚರೇ."

ಎರಡು: ಕೆಂಪು ಕಾರು ಕೊಳ್ಳುತ್ತಾರೆ, ಎಲ್ಲರೂ ಸುಖ. ಅಝೀಮ್: "ಅದನ್ನು ವಿಟ್ಲದವರು ಯಾರೋ ತೆಗೊಂಡಾಯ್ತು."

ಮೂರು: ಏನನ್ನೂ ಕೊಳ್ಳುವುದಿಲ್ಲ, ಅವನಿಗೆ ಬೇಕಾದದ್ದು ಕಾರಾಗಿರಲಿಲ್ಲ ಎಂದು ಅರ್ಥವಾಗುತ್ತದೆ. ಇದಕ್ಕೆ ಇಬ್ಬರೂ ಒಟ್ಟಿಗೆ ಫೋನಿನಲ್ಲಿ ಬಂದರು. "ಕಾರೇ ಬೇಕಾದದ್ದು," ಎಂದ ಅವನು ಸಿಟ್ಟಿನಿಂದ. "ಕಾರೇ ಅಲ್ಲವಾ?" ಎಂದು ಅವಳನ್ನು ಕೇಳಿದ.

ಇವತ್ತು ವಾರ ಮುಗಿಯಿತು. ಬೆಳಿಗ್ಗೆ ಹತ್ತಕ್ಕೆ ನನ್ನ ಗೇಟಿನ ಎದುರು ಹಸಿರು ಕಾರು ನಿಂತಿತು. ಗಂಡ ಹೆಂಡತಿ ಇಬ್ಬರೂ ಇಳಿದರು. ಹೇಮರಾಜರ ಮನೆಗೆ ಇನ್ನು ಇಪ್ಪತ್ತು ಮೀಟರು ದಾರಿ.

"ಟೀಚರೇ," ಎಂದ ಅಝೀಮ್, "ನಮಗೆ ತಲೆ ಓಡುದಿಲ್ಲ. ನೀವು ಎಂಥ ಬರೆದಿದ್ದೀರಿ? ತೆಗೊಳ್ಳುದಾ, ಬಿಡುದಾ? ನೀವು ಬರೆದ ಹಾಗೆ ಮಾಡುವ."

ನಲ್ವತ್ತು ವರ್ಷ ಕಥೆ ಬರೆದವಳಿಗೆ ಇಂಥ ಅಧಿಕಾರ ಯಾರೂ ಕೊಟ್ಟಿರಲಿಲ್ಲ. "ಬರೆದಿಲ್ಲ," ಎಂದೆ. "ಬರೆಯುವುದೂ ಇಲ್ಲ. ಹೋಗಿ, ಹೇಮರಾಜರು ಕಾಯುತ್ತಿದ್ದಾರೆ."

ಅಝೀಮ್ ಹೆಂಡತಿಯನ್ನು ನೋಡಿದ. ಶಬ್ನಾ ಗಂಡನನ್ನು ನೋಡಿದಳು. ಕೀ ಕಾರಿನಲ್ಲೇ ಇತ್ತು, ಎಂಜಿನ್ ಓಡುತ್ತಲೇ ಇತ್ತು. ಓಡಿಸುವ ಜಾಗ ಮತ್ತೊಬ್ಬರಿಗಿರಲಿ ಎಂದು ಅವನು ಒಂದು ಬದಿಯಿಂದ, ಅವಳು ಇನ್ನೊಂದು ಬದಿಯಿಂದ ಸುತ್ತಿ ಬಂದು, ಇಬ್ಬರೂ ಎಡಗಡೆಯ ಬಾಗಿಲಿಗೇ ಕೈ ಹಾಕಿದರು.