ರಾಮಲಕ್ಷ್ಮಮ್ಮನ ಫ್ಲಾಸ್ಕಿನ ಹಾಲು ಲ್ಯಾಬಿಗೆ ಹೋದದ್ದು

ಕೆ.ಆರ್. ಪುರದ ಹಳೇ ಓಣಿಯಲ್ಲಿ ರಾಮಲಕ್ಷ್ಮಮ್ಮನ ಬಾಣಂತನ ಹೆಸರುವಾಸಿ. ಅವರ ಕೈಕೆಳಗೆ ಬಾಣಂತಿ ತಣ್ಣೀರು ಮುಟ್ಟಕೂಡದು, ಒಲೆಯ ಹತ್ತಿರ ಸುಳಿಯಕೂಡದು, ಕಿವಿಗೆ ಗಾಳಿ ಸೋಕಕೂಡದು. ಈಗ ಅವರ ಸ್ವಂತ ಮಗಳು ಹಂಸಳೇ ಬಾಣಂತಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಇಪ್ಪತ್ನಾಲ್ಕು ದಿನ. ತೂಕ ಸಾಲದು, ಎದೆಹಾಲಿನ ಜೊತೆಗೆ ಸ್ವಲ್ಪ ದಿನ ಪುಡಿಹಾಲೂ ಇರಲಿ ಎಂದಿದ್ದರು ಡಾಕ್ಟರು.

ಮಗಳು ನೀರು ಮುಟ್ಟದ ಹಾಗೆ ರಾಮಲಕ್ಷ್ಮಮ್ಮ ಒಂದು ಏರ್ಪಾಡು ಮಾಡಿದ್ದರು. ಬೆಳಿಗ್ಗೆ ಆರಕ್ಕೇ ಇಡೀ ದಿನದ ಹಾಲು ಕಲಸಿ, ಉಗುರುಬೆಚ್ಚಗೆ ಫ್ಲಾಸ್ಕಿಗೆ ತುಂಬಿ, ಮಂಚದ ಪಕ್ಕ ಇಟ್ಟುಬಿಡುವುದು. ಕೂಸು ಅತ್ತಾಗ ಬಗ್ಗಿಸಿಕೊಂಡರೆ ಆಯಿತು.

ಸೋಮವಾರ ಹನ್ನೊಂದು ಗಂಟೆಗೆ ಪಕ್ಕದ ಬೀದಿಯ ನಂದಿತಾ ಐಸ್ ಡಬ್ಬಿ ಹೆಗಲಿಗೇರಿಸಿಕೊಂಡು ಬಂದಳು. ಇಂದಿರಾನಗರದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ಪುಡಿಹಾಲಿನಲ್ಲಿ ಬ್ಯಾಕ್ಟೀರಿಯಾ ಎಲ್ಲಿಂದ ಸೇರುತ್ತದೆ, ಹೇಗೆ ಬೆಳೆಯುತ್ತದೆ ಎಂದು ಮನೆಮನೆಯಿಂದ ಮಾದರಿ ತಂದು ನೋಡುವ ಕೆಲಸ.

"ಆಂಟಿ, ಪುಡಿಹಾಲಿನ ಡಬ್ಬಿಯಿಂದ ಒಂದು ಚಮಚ ಪುಡಿ ಬೇಕಿತ್ತು."

"ಎತ್ಕೋಮ್ಮ. ಚಮಚ ಅಲ್ಲೇ ಒಳಗೈತೆ, ಈಗ್ತಾನೆ ತೊಳ್ದು ಹಾಕಿದೀನಿ."

ಚಮಚ ಒದ್ದೆಯಿತ್ತು. ಪುಡಿ ಅದಕ್ಕೆ ಮೆತ್ತಿಕೊಂಡಿತ್ತು. ನಂದಿತಾ ಹತ್ತಿಕಡ್ಡಿಯಿಂದ ಅದನ್ನು ಒರೆಸಿ, ಕಡ್ಡಿಯನ್ನು ಮಾದರಿಗೆಂದು ಎತ್ತಿಟ್ಟುಕೊಂಡಳು. ಆಮೇಲೆ ಮಂಚದ ಪಕ್ಕದ ಫ್ಲಾಸ್ಕ್ ಕಂಡಿತು.

"ಇದು ಯಾವಾಗ ಮಾಡಿದ್ದು?"

"ಆರಕ್ಕೆ. ಇನ್ನೂ ಬೆಚ್ಚಗೈತೆ ನೋಡು."

"ಅದೇ ತೊಂದರೆ ಆಂಟಿ. ಈ ಪುಡಿ ಪೂರ್ತಿ ಕ್ರಿಮಿ ಇಲ್ಲದ್ದಲ್ಲ. ಒಣ ಪುಡಿಯಲ್ಲಿ ಕೆಲವು ಬ್ಯಾಕ್ಟೀರಿಯಾ ಸಾಯಲ್ಲ, ತಿಂಗಳುಗಟ್ಲೆ ಮಲಗಿರ್ತವೆ. ಉಗುರುಬೆಚ್ಚಗೆ ನೀರು ಸಿಕ್ಕಿದ್ರೆ ಎದ್ದು ಕೂತ್ಕೋತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ. ಲ್ಯಾಬಲ್ಲಿ ಬೆಳೆಸಿದ್ರೆ ಎರಡು ದಿನದಲ್ಲಿ ಕಣ್ಣಿಗೇ ಕಾಣ್ತವೆ."

"ಕಥೆ ಹೇಳ್ತೀಯಲ್ಲೇ ನನಗೆ? ಈ ಓಣಿಲಿ ಅರ್ಧ ಮಕ್ಕಳು ನನ್ನ ಕೈಲೇ ನೀರು ಹುಯ್ಯಿಸ್ಕೊಂಡಿರೋದು."

"ಅಮ್ಮ, ಅವಳು ಓದಿರೋಳು," ಎಂದಳು ಹಂಸ ಕಂಬಳಿಯೊಳಗಿಂದ.

"ನೀನು ಕಿವಿ ಮುಚ್ಕೊಂಡು ಮಲಕ್ಕೋ. ಆಯ್ತು ನಂದಿತಾ, ನನ್ನ ಹಾಲಲ್ಲಿ ಆ ನಿನ್ನ ಮಲಗಿರೋರನ್ನ ತೋರ್ಸು. ಬುಧವಾರದವರೆಗೂ ನೀನು ಹೇಳ್ದಂಗೆ ಕೇಳ್ತೀನಿ. ಏನೂ ಕಾಣ್ದಿದ್ರೆ ಆಮೇಲೆ ನಾನು ಹೇಳ್ದಂಗೆ ನೀನು ಕೇಳ್ಬೇಕು."

ನಂದಿತಾ ಫ್ಲಾಸ್ಕಿನ ಹಾಲನ್ನು ಒಂದು ಸೀಸೆಗೆ ತುಂಬಿದಳು. ಅದೇ ಡಬ್ಬಿಯ ಪುಡಿಯನ್ನು ಆಗಷ್ಟೇ ಕುದಿದ ಬಿಸಿನೀರಿಗೆ ಹಾಕಿ ಇನ್ನೊಂದು ಸೀಸೆ ಮಾಡಿಕೊಂಡಳು. ಉಳಿದ ಹಾಲನ್ನು ಬಚ್ಚಲಿಗೆ ಚೆಲ್ಲಿಸಿದಳು. "ಅಯ್ಯೋ, ಅಷ್ಟು ಹಾಲು!" ಎಂದರು ರಾಮಲಕ್ಷ್ಮಮ್ಮ.

ಎರಡು ದಿನ ನಂದಿತಾ ಹೇಳಿದಂತೆ ಪ್ರತಿ ಸಲವೂ ನೀರು ಕಾಯಿಸು, ಬಾಟಲಿ ಕುದಿಸು, ಹೊಸದಾಗಿ ಕಲಸು. ಗೊಣಗುತ್ತಲೇ ಮಾಡಿದರು. ಒಳಗೊಳಗೇ ಮಾತ್ರ ಬುಧವಾರ ಯಾವಾಗ ಬರುತ್ತದೋ ಎಂಬ ತವಕ.

ಬುಧವಾರ ಬಂತು. ರಾಮಲಕ್ಷ್ಮಮ್ಮ ಮೆಟ್ರೊ ಹತ್ತಿ ಲ್ಯಾಬಿಗೆ ಹೋದರು. ನಂದಿತಾಳ ಕಣ್ಣು ಹೊಳೆಯುತ್ತಿತ್ತು. ಮುಚ್ಚಳ ಬಿಗಿದ ಮೂರು ಪುಟ್ಟ ತಟ್ಟೆಗಳನ್ನು ಬೆಳಕಿಗೆ ಹಿಡಿದಳು.

"ಒಂದೊಂದು ಚುಕ್ಕಿನೂ ಬ್ಯಾಕ್ಟೀರಿಯಾದ ಒಂದೊಂದು ಗುಂಪು ಆಂಟಿ. ಇದು ಬಿಸಿನೀರಲ್ಲಿ ಆಗಿಂದಾಗ್ಲೇ ಕಲಸಿದ್ದು."

ಎರಡೇ ಎರಡು ಚುಕ್ಕಿ.

"ಇದು ಚಮಚದ್ದು."

ಎಳ್ಳು ಚೆಲ್ಲಿದಂತಿತ್ತು.

"ಇದು ಫ್ಲಾಸ್ಕಿಂದು."

ರಾಮಲಕ್ಷ್ಮಮ್ಮ ಎಣಿಸಲು ಹೊರಟರು. ಇಪ್ಪತ್ತು, ಮೂವತ್ತು... ಚುಕ್ಕಿಗೆ ಚುಕ್ಕಿ ಅಂಟಿ ತಟ್ಟೆಯೇ ಮುಚ್ಚಿಹೋಗಿತ್ತು. ಅವರು ಎಣಿಕೆ ಬಿಟ್ಟರು.

"ನನ್ನ ಕೈಯಾರೆ ಕುಡ್ಸಿದೀನಲ್ಲೇ ಇದನ್ನ. ಕೂಸಿಗೆ ಏನಾಗುತ್ತೆ?"

"ಎಲ್ಲ ಚುಕ್ಕಿಯೂ ಕೆಟ್ಟದ್ದಲ್ಲ ಆಂಟಿ, ಯಾವುದು ಏನು ಅಂತ ಇನ್ನೂ ಪರೀಕ್ಷೆ ಮಾಡ್ತಿದೀವಿ. ಆದ್ರೆ ಕ್ರೋನೋಬ್ಯಾಕ್ಟರ್ ಅಂತ ಒಂದಿದೆ. ಅಪರೂಪ. ಎರಡು ತಿಂಗಳಿನ ಒಳಗಿನ ಮಕ್ಕಳಿಗೆ, ದಿನ ತುಂಬದೆ ಹುಟ್ಟಿದೋರಿಗೆ ತಗುಲಿದ್ರೆ ರಕ್ತಕ್ಕೆ, ಮೆದುಳಿಗೆ ಹೋಗಿ ಜೀವಕ್ಕೇ ಕುತ್ತು ಬರುತ್ತೆ. ಜ್ವರ, ಹಾಲು ಬೇಡ ಅನ್ನೋದು, ಮಂಕಾಗಿರೋದು, ಇವು ಕಂಡ್ರೆ ಒಂದು ಗಳಿಗೆನೂ ಕಾಯ್ಬಾರ್ದು."

ರಾಮಲಕ್ಷ್ಮಮ್ಮ ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿದರು. "ಮೈ ಮುಟ್ಟಿ ನೋಡೇ. ಬಿಸಿ ಐತಾ? ಹಾಲು ಕುಡೀತಾ?"

"ಕುಡ್ದು, ಕಾಲಲ್ಲಿ ಒದ್ದು ಕಂಬಳಿ ಕೆಡವಿದಾನೆ ಕಣಮ್ಮ."

ರಾಮಲಕ್ಷ್ಮಮ್ಮ ಫೋನು ಇಟ್ಟರು. ಸಂಜೆಗೇ ಡಾಕ್ಟರಿಗೆ ತೋರಿಸುವುದೆಂದು ತೀರ್ಮಾನಿಸಿದರು. ಆಮೇಲೆ ನಂದಿತಾಳ ಕಡೆ ತಿರುಗಿ, "ನೀನೇ ಗೆದ್ದೆ ಬಿಡು. ಈಗ ಹೇಳು, ಒಂದೂ ಬಿಡದಂಗೆ," ಎಂದರು. ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡರು. ಒದ್ದೆ ಚಮಚ ಬಿದ್ದ ಆ ಡಬ್ಬಿಯನ್ನು ಎಸೆದುಬಿಡುತ್ತೇನೆ ಎಂದು ತಾವೇ ಹೇಳಿದರು.

ವಾಪಸು ಬರುವಾಗ ನಿಲ್ದಾಣದ ಮೆಟ್ಟಿಲ ಬಳಿ ಯಾರೋ ಹುಡುಗಿ ಎಳೆಗೂಸಿಗೆ ಹಾಲಿನ ಬಾಟಲಿ ತೆಗೆಯುತ್ತಿದ್ದಳು. ಗುರುತಿಲ್ಲ, ಪರಿಚಯವಿಲ್ಲ. ರಾಮಲಕ್ಷ್ಮಮ್ಮ ಎದುರಿಗೇ ಹೋಗಿ ನಿಂತರು.

"ಎಷ್ಟೊತ್ತಿಗೆ ಕಲಸಿದ್ದು ಮಗಳೇ ಅದು?"

"ಬೆಳಿಗ್ಗೆ, ಅಜ್ಜಿ. ಯಾಕೆ?"

"ಮುಚ್ಚು ಅದನ್ನ. ಇಲ್ಲೇ ಕೂತ್ಕೋ, ಹೇಳ್ತೀನಿ."

ಓದುತ್ತಿರುವ ತಾಯಂದಿರೇ, ಅಜ್ಜಿಯಂದಿರೇ, ಅವರು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಎದೆಹಾಲಿಗೆ ಸಾಟಿಯಿಲ್ಲ, ಪುಡಿಹಾಲು ಡಾಕ್ಟರು ಹೇಳಿದರೆ ಮಾತ್ರ. ಕೈ ಸೋಪಿನಿಂದ ತೊಳೆಯಿರಿ, ಬಾಟಲಿ ಕುದಿಸಿ. ನೀರು ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ, ಅದು ಚೆನ್ನಾಗಿ ಬಿಸಿಯಿರುವಾಗಲೇ ಪುಡಿ ಹಾಕಿ. ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. ಒಂದು ಹೊತ್ತಿಗೆ ಬೇಕಾದಷ್ಟೇ ಕಲಸಿ. ಕೂಸು ಕುಡಿದು ಬಿಟ್ಟದ್ದನ್ನು ಚೆಲ್ಲಿ; ಕಲಸಿ ಎರಡು ಗಂಟೆ ದಾಟಿದ್ದನ್ನೂ ಚೆಲ್ಲಿ. ಚಮಚ ಒಣಗಿರಲಿ. ಡಬ್ಬಿ ತೆರೆದ ದಿನ ಬರೆದಿಡಿ, ಅದರ ಬ್ಯಾಚ್ ನಂಬರು ಹರಿಯದಂತೆ ಉಳಿಸಿ. ಕಂಪನಿ ಮಾಲು ವಾಪಸು ಕರೆದರೆ ನಿಮ್ಮ ಡಬ್ಬಿ ಅದೇನಾ ಎಂದು ಗೊತ್ತಾಗುವುದು ಆ ನಂಬರಿನಿಂದಲೇ.

ಬಾಟಲಿ ಕೂಸಿನ ಬಾಯಿಗೆ ಇಡುವ ಮುನ್ನ ಒಂದು ಸಲ ಗಡಿಯಾರ ನೋಡಿ.