ಯಾವುದಿದೆಯೋ ಅದು

ಚಪ್ಪಲಿ ಕಾರ್ಖಾನೆಯ ಕಂಪ್ಯೂಟರುಗಳ ಯಜಮಾನಿಕೆ ಭಾಮೈದನಿಗೆ ಸಿಕ್ಕಿದ್ದು ಅವನ ಜಾಣತನಕ್ಕಲ್ಲ, ಅವನ ಅಕ್ಕ ಮಾಲೀಕರನ್ನು ಮದುವೆಯಾಗಿದ್ದಕ್ಕೆ. ಈ ಸಣ್ಣ ವಿಷಯ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಅಲ್ಲಿ ಚರ್ಮ ಕತ್ತರಿಸುವ, ಅದರ ಮೇಲೆ ಗೆರೆ ಕೊರೆಯುವ ಯಂತ್ರಗಳು ಮೂರು. ಒಂದೊಂದರ ಪಕ್ಕಕ್ಕೂ ಒಂದು ಕಂಪ್ಯೂಟರು, ಅದರೊಳಗೆ ಚಪ್ಪಲಿ ಪಟ್ಟಿಯ ಅಳತೆ, ಆಕಾರ ಬರೆದು ಯಂತ್ರಕ್ಕೆ ಕಳಿಸುವ ಪ್ರೋಗ್ರಾಂ. ಭಾಮೈದನಿಗೆ ಹುರುಪು ಬಂದಾಗ ಒಂದು ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕುತ್ತಿದ್ದ. ಮುಂದಿನದಕ್ಕೆ ಹೋಗುವಷ್ಟರಲ್ಲಿ ಹುರುಪು ಇಳಿದಿರುತ್ತಿತ್ತು. ಹೀಗಾಗಿ ಒಂದರಲ್ಲಿ ಐದನೆಯ ಆವೃತ್ತಿ, ಮಿಕ್ಕೆರಡರಲ್ಲಿ ಆರನೆಯದು. ಸಾಲದ್ದಕ್ಕೆ, ಪರದೆಯ ಮೇಲಿದ್ದ, ಒತ್ತಿದರೆ ಪ್ರೋಗ್ರಾಂ ತೆರೆಯುವ ಚಿತ್ರಗಳನ್ನೆಲ್ಲ ಗಲೀಜೆಂದು ಅಳಿಸಿಹಾಕಿದ್ದ. ಕಪ್ಪು ಪರದೆ ತೆರೆದು, ಪ್ರೋಗ್ರಾಮಿನ ಹೆಸರನ್ನೂ ಅದರ ಬೆನ್ನಿಗೆ ಆವೃತ್ತಿಯ ಸಂಖ್ಯೆಯನ್ನೂ ಟೈಪ್ ಮಾಡಿದರಷ್ಟೇ ಅದು ಕಣ್ಣುಬಿಡುತ್ತಿತ್ತು. ಸಂಖ್ಯೆ ತಪ್ಪಿದರೆ, ಅಂಥದ್ದು ಇಲ್ಲಿಲ್ಲ ಎಂಬ ಒಣ ಉತ್ತರ.

"ಸ್ವಾಮಿ, ನಂಗಿರೋದು ಒಂದೇ ತಲೆ," ಎಂದು ಕಟಿಂಗ್ ಮೇಸ್ತ್ರಿ ಒಮ್ಮೆ ಕೈಮುಗಿದ. "ಇದಕ್ಕೆ ಐದು, ಅದಕ್ಕೆ ಆರು ಅಂತ ಜಪ ಮಾಡ್ತಾ ಕೂತ್ರೆ ಚರ್ಮ ಯಾವಾಗ ಕತ್ತರಿಸ್ಲಿ? ಯಾವುದಿದೆಯೋ ಅದು ಎದ್ದು ಬರೋ ಹಾಗೆ ಮಾಡೋಕಾಗಲ್ವಾ?"

"ನನ್ ಕೈಲಿ ಆಗದೇ ಇರೋದು ಅಂತ ಏನಿದೆ ಮೇಸ್ತ್ರಿ!"

ಆಗದೇ ಇರುವುದೆಲ್ಲ ಮೇಸ್ತ್ರಿಗೆ ಸಾಲಾಗಿ ಬಾಯಿಪಾಠವಾಗಿತ್ತು. ಆದರೂ ದೊಡ್ಡ ಮನಸ್ಸಿನವನು, ಯಂತ್ರದ ಕಡೆ ತಿರುಗಿದ.

ಭಾಮೈದ ಬಾಗಿಲು ಹಾಕಿಕೊಂಡು ಕುಳಿತು ನಾಲ್ಕು ಸಾಲು ಬರೆದ. ಮುಂದೆಂದಾದರೂ ಹಾಕಿದರೆ ಇರಲೆಂದು ಏಳರಿಂದಲೇ ಹಿಡಿದ: ಏಳನೆಯದು ಇದೆಯಾ ನೋಡು, ಇದ್ದರೆ ಅದನ್ನೇ ತೆರೆ, ಇಲ್ಲವಾದರೆ ಆರು, ಅದೂ ಇಲ್ಲವಾದರೆ ಐದು. ಅದಕ್ಕೆ 'ಶುರು' ಎಂದು ಹೆಸರಿಟ್ಟ. ಇನ್ನು ಮೇಲೆ ಯಾವ ಕಂಪ್ಯೂಟರಿನಲ್ಲಾದರೂ ಆ ಒಂದು ಪದ ಟೈಪ್ ಮಾಡಿದರೆ ಸಾಕು. ನಿಜ ಹೇಳಬೇಕೆಂದರೆ ಕೆಲಸ ಚೆನ್ನಾಗಿಯೇ ಆಯಿತು. ಆಮೇಲೆ ಅವನ ಕಾಲು ನೆಲಕ್ಕೆ ತಾಗಲಿಲ್ಲ.

"ನಾಲ್ಕೇ ಸಾಲಾ?" ಎಂದು ಅಕ್ಕ ಊಟಕ್ಕೆ ಬಡಿಸುತ್ತಾ ಕೇಳಿದಳು.

"ಬರೆಯೋದು ಯಾರ್ ಬೇಕಾದ್ರೂ ಬರೀತಾರಕ್ಕ. ನಾಲ್ಕೇ ಸಾಲಲ್ಲಿ ಮುಗಿಸೋಕೆ ತಲೆ ಬೇಕು."

ಭಾವ ತಲೆಯೆತ್ತದೆ ಊಟ ಮುಂದುವರಿಸಿದರು. ಭಾಮೈದನ ವಿಷಯದಲ್ಲಿ ಅವರು ಕಂಡುಕೊಂಡಿದ್ದ ಒಂದೇ ದಾರಿ ಅದು.

ಇಷ್ಟರಲ್ಲಿ ಊರ ತುಂಬ ಚಪ್ಪಲಿ ಅಂಗಡಿಗಳಿದ್ದ ಒಬ್ಬ ಹೆಂಗಸು ಕಾರ್ಖಾನೆ ನೋಡಲು ಬರುವುದೆಂದಾಯಿತು. ಬಾಗಿಲ ಬಳಿಯ ಹೊಸ ಯಂತ್ರವನ್ನು ಒರೆಸಿ ಮಿರಮಿರ ಮಿಂಚಿಸಿದರು. ಹಳೆಯ ಆವೃತ್ತಿ ತೋರಿಸಿದರೆ ತನ್ನ ಮರ್ಯಾದೆ ಏನಾಗಬೇಕು ಎಂದು ಭಾಮೈದ ಹಿಂದಿನ ದಿನ ಅದಕ್ಕೆ ಏಳನೆಯದನ್ನೂ ಹಾಕಿದ. ಕೊಂಡದ್ದಲ್ಲ, ಪುಕ್ಕಟೆಯಾಗಿ ಪರೀಕ್ಷಿಸಿ ನೋಡಲು ಸಿಗುವಂಥದ್ದು. ಯಾರಿಗೂ ಹೇಳಲಿಲ್ಲ.

ಭಾವ ಕರೆತಂದ ಹೆಂಗಸು ಮಾತು ಕಡಿಮೆ, ನೋಟ ಜಾಸ್ತಿ ಎನ್ನುವ ಪೈಕಿ. ಭಾಮೈದ ತೋಳು ಮಡಚಿ, ದೊಡ್ಡ ಸಂಗೀತಗಾರನ ಗತ್ತಿನಲ್ಲಿ 'ಶುರು' ಟೈಪ್ ಮಾಡಿದ. ನಾಲ್ಕು ಸಾಲು ಹೇಳಿದಂತೆಯೇ ನಡೆದುಕೊಂಡವು: ಏಳನ್ನು ಹುಡುಕಿದವು, ಸಿಕ್ಕಿತು, ತೆರೆದವು. ಪರದೆಯ ಮೇಲೆ ಪಟ್ಟಿಯ ನಕ್ಷೆ, ಅದರ ಮೇಲೆ ಓರೆಯಾಗಿ ಮಸುಕು ಅಕ್ಷರಗಳು. ಅವನು ನೋಡಲಿಲ್ಲ, ನೋಡುತ್ತಿದ್ದದ್ದು ಹೆಂಗಸಿನ ಮುಖವನ್ನು. ಗುಂಡಿ ಒತ್ತಿದ.

ಯಂತ್ರ ಕತ್ತರಿಸಿ ಕೊಟ್ಟಿತು. ಮೇಸ್ತ್ರಿ ಪಟ್ಟಿಯನ್ನೆತ್ತಿ ನೋಡಿ ಕೆಮ್ಮಿದ. ಕಂದು ಚರ್ಮದ ಮೇಲೆ, ಉದ್ದಕ್ಕೂ, ಅಚ್ಚುಕಟ್ಟಾಗಿ ಕೊರೆದಿತ್ತು: 'ಪರೀಕ್ಷಾ ಪ್ರತಿ, ಪರೀಕ್ಷಾ ಪ್ರತಿ, ಪರೀಕ್ಷಾ ಪ್ರತಿ.'

ಭಾವನ ಕಿವಿ ಕೆಂಪಾಯಿತು.

"ಏನಿದು?" ಎಂದಳು ಹೆಂಗಸು.

"ಇದು… ಹೊಸ ಡಿಸೈನು, ಮೇಡಂ." ಭಾಮೈದನ ನಾಲಿಗೆ ಅವನನ್ನು ಕೇಳದೆಯೇ ಹೊರಳಿತ್ತು. "ಈಗಿನ ಮಕ್ಕಳಿಗೆ ವರ್ಷವಿಡೀ ಪರೀಕ್ಷೆ ತಾನೆ? ಅದನ್ನೇ ಕಾಲಡೀಲಿ ಹಾಕ್ಕೊಂಡು ತುಳೀಲಿ ಅಂತ."

ಪಟ್ಟಿ ಇರುವುದು ಕಾಲ ಮೇಲೆ, ಅಡಿಯಲ್ಲಲ್ಲ ಎಂದು ಮೇಸ್ತ್ರಿ ಹೇಳಬಹುದಿತ್ತು. ಹೆಂಗಸು ಮೊದಲ ಬಾರಿಗೆ ನಕ್ಕಳು.

"ನನ್ ಮಗಳಿಗೆ ತೋರಿಸ್ಬೇಕು ಇದನ್ನ. ಕಾಲೇಜು ಶುರುವಾಗೋ ಹೊತ್ತಿಗೆ ಐನೂರು ಜೋಡಿ ಕೊಡ್ತೀರಾ?"

ಅವಳನ್ನು ಕಳಿಸಿ ಬಂದ ಭಾವ ಕೇಳಿದರು: "ನಿಜವಾಗ್ಲೂ ಏನದು?"

ಭಾಮೈದ ಇದ್ದದ್ದನ್ನು ಹೇಳಿದ: ದುಡ್ಡು ಕೊಡುವವರೆಗೂ ಆ ಪುಕ್ಕಟೆ ಪ್ರತಿ ತಾನು ಪರೀಕ್ಷಾ ಪ್ರತಿಯೆಂದು ಎಲ್ಲದರ ಮೇಲೂ ಬರೆಯುತ್ತದೆ. ಪುಕ್ಕಟೆಯದರಲ್ಲಿ ಐನೂರು ಜೋಡಿ ಮಾಡಿ ಸಿಕ್ಕಿಬಿದ್ದರೆ ಗತಿಯೇನೆಂದು ಭಾವ ಅಂದೇ ಏಳನೆಯ ಆವೃತ್ತಿಯನ್ನು ಸರಿಯಾಗಿ ಕೊಂಡರು. ಕೊಂಡ ಕೂಡಲೇ ಅಕ್ಷರಗಳು ಮಾಯ. ಪಟ್ಟಿ ಕನ್ನಡಿಯಷ್ಟು ನುಣುಪು.

"ಈಗೇನ್ ಮಾಡೋದು ಭಾವ?"

"ಬರಿ. ಕೈಯಲ್ಲಿ."

ಆ ಪ್ರೋಗ್ರಾಮಿನಲ್ಲಿ ಅಕ್ಷರ ಟೈಪ್ ಮಾಡಲು ಬರುತ್ತಿರಲಿಲ್ಲ, ಗೆರೆ ಎಳೆಯಬಹುದಿತ್ತು ಅಷ್ಟೇ. ಹಾಗೆ ಭಾಮೈದ 'ಪ'ದಿಂದ ಹಿಡಿದು 'ತಿ'ಯವರೆಗೆ ಒಂದೊಂದೇ ಅಕ್ಷರವನ್ನು ಮೌಸಿನಿಂದ ಎಳೆಯತೊಡಗಿದ. ಅದನ್ನು ಮುಗಿಸಲು ನಾಲ್ಕು ಸಾಲಿನ ಯಾವ ಉಪಾಯವೂ ಹೊಳೆಯಲಿಲ್ಲ. 'ರೀ'ಯ ದೀರ್ಘ ಮೂರು ಸಲ ಕೆಟ್ಟಿತು. ಮೇಸ್ತ್ರಿ ಬಂದು ಹಿಂದೆ ನಿಂತ.

"ನಗಬೇಕು ಅನ್ಸಿದ್ರೆ ನಕ್ಬಿಡಿ ಮೇಸ್ತ್ರಿ."

"ನಾನ್ಯಾಕೆ ನಗ್ಲಿ ಸ್ವಾಮಿ?" ಎಂದು ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕುಳಿತ. "ದೀರ್ಘ ಒಂಚೂರು ಎಡಕ್ಕೆ ತಗೊಳ್ಳಿ. ಹಾಂ, ಹಂಗೆ."

ಭಾಮೈದ ಎಡಕ್ಕೆ ತಗೊಂಡ. ಕಾರ್ಖಾನೆಗೆ ಬಂದಮೇಲೆ ಅವನು ಇನ್ನೊಬ್ಬರಿಂದ ತಿದ್ದಿಸಿಕೊಂಡದ್ದು ಅದೇ ಮೊದಲು.